ನಾಲ್ಕು ನಿಮಿಷದ ಸೇವಕರಿಗೆ

ಮಾರ್ಚ್ ೧೨, ಮಂಗಳವಾರ. ಆಸ್ಪತ್ರೆಯ ನೆಲಮಾಳಿಗೆ, ಬಟ್ಟೆ ವಿಭಾಗದ ಹೊಲಿಗೆ ಕೋಣೆ. ಮಧ್ಯಾಹ್ನದ ಬಿಡುವು, ಒಂದರಿಂದ ಒಂದೂಮುಕ್ಕಾಲು.

ಫೆಬ್ರವರಿ ಏಳರಂದು ನಾಲ್ಕು ನಿಮಿಷ ನಮ್ಮ ಸೇವಕರಾಗಿದ್ದ ಮಾನ್ಯ ಮುಖ್ಯ ಆಡಳಿತಾಧಿಕಾರಿಗಳೇ,

ನಮ್ಮ ವಿಭಾಗದ ಮೇಲ್ವಿಚಾರಕಿಯನ್ನು ಕೆಲಸದಿಂದ ತೆಗೆಯುವುದಕ್ಕಾಗಿ ನೀವು ನಾಡಿದ್ದು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ವಿಚಾರಣೆ ಇಟ್ಟುಕೊಂಡಿದ್ದೀರಿ. ಆಕೆಯ ಅಪರಾಧಗಳಲ್ಲಿ ಒಂದು, ನಿಮ್ಮ ನೋಟಿಸು ಹೇಳುವಂತೆ, ಕೈಕೆಳಗಿನವರು ಮಾಡಬೇಕಾದ ಕೆಲಸವನ್ನು ತಾನೇ ಮಾಡಿ ಹುದ್ದೆಯ ಘನತೆಗೆ ಕುಂದು ತಂದದ್ದು. ಆ ನೋಟಿಸನ್ನು ಸೂಚನಾ ಫಲಕಕ್ಕೆ ಚುಚ್ಚಿದ್ದಾರೆ. ಅದರಿಂದ ಒಂದು ಗೇಣು ಎಡಕ್ಕೆ ನಿಮ್ಮ ಬಣ್ಣದ ಫೋಟೋ ಇದೆ. ಅದರಲ್ಲಿ ಕೈಕೆಳಗಿನವರು ಮಾಡಬೇಕಾದ ಕೆಲಸವನ್ನು ನೀವೇ ಮಾಡುತ್ತಿದ್ದೀರಿ. ಅಡಿಯಲ್ಲಿ ದಪ್ಪ ಅಕ್ಷರದಲ್ಲಿ 'ನಿಜವಾದ ನಾಯಕ' ಎಂದು ಬರೆದಿದೆ. ಎರಡನ್ನೂ ಓದಿದ ಸಾಮಾನ್ಯ ಬುದ್ಧಿಯ ಮನುಷ್ಯ ಯಾವುದನ್ನು ನಂಬಬೇಕು? ನಿಮ್ಮ ಕಚೇರಿ ಇದಕ್ಕೂ ಒಂದು ಸುತ್ತೋಲೆ ಹೊರಡಿಸಿದರೆ ಅನುಕೂಲ.

ಈ ಪತ್ರವನ್ನು ನಿಮಗೊಬ್ಬರಿಗೇ ಕಳಿಸಬಹುದಿತ್ತು. ಹಿಂದೆ ನಾಲ್ಕು ಪತ್ರಗಳನ್ನು ಹಾಗೆಯೇ ಕಳಿಸಿದ್ದೆವು, ಎಲ್ಲವೂ ಬಟ್ಟೆ ಮಡಚುವವರಿಗೆ ಕೈಗವಸು ಕೊಡಿ ಎಂಬ ಒಂದೇ ಕೋರಿಕೆಯವು. ನಾಲ್ಕರ ಮೇಲೂ 'ಪರಿಶೀಲಿಸಲಾಗುವುದು' ಎಂಬ ಮೊಹರು ಬಿದ್ದು ಮರಳಿ ಬಂದವು. ಆದ್ದರಿಂದ ಐದನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಓದುಗರ ಬಳಿ ಮೊಹರಿರುವುದಿಲ್ಲ ಎಂಬ ಧೈರ್ಯ.

ಜನವರಿ ಕೊನೆಯಲ್ಲಿ ನಿಮ್ಮ ಸುತ್ತೋಲೆ ಬಂತು. ಫೆಬ್ರವರಿ ಮೊದಲ ವಾರವನ್ನು 'ಸೇವಕ ನಾಯಕತ್ವ ಸಪ್ತಾಹ'ವೆಂದು ಆಚರಿಸಲಾಗುವುದು, ನಾಯಕನಾದವನು ಆಳುವವನಲ್ಲ, ತನ್ನ ಸಿಬ್ಬಂದಿಗೆ ಆಸರೆಯಾಗುವವನು ಎಂದು ಅದರಲ್ಲಿತ್ತು. ನಾನು ಊಟದ ಬಿಡುವಿನಲ್ಲಿ ಬೇರೆ ಬೇರೆ ಭಾಷೆಗಳಿಂದ ಅನುವಾದವಾದ ಕಾದಂಬರಿಗಳನ್ನು ಓದುವವನು. ಒಂದು ವಾಕ್ಯ ಬೇರೆಲ್ಲೋ ಹುಟ್ಟಿ ಇಲ್ಲಿಗೆ ಬಂದಿದ್ದರೆ ಅದರ ನಡಿಗೆಯಲ್ಲಿ ನನಗೆ ಗೊತ್ತಾಗುತ್ತದೆ. ಅದು ತಪ್ಪೇನಲ್ಲ. ಒಳ್ಳೆಯ ಅನುವಾದಕರು ಬಂದ ಮನೆಗೆ ಹೊಂದಿಕೊಳ್ಳುವಂತೆ ವಾಕ್ಯವನ್ನು ತಿದ್ದುತ್ತಾರೆ. ನಿಮ್ಮ ಸುತ್ತೋಲೆಯ ವಾಕ್ಯಗಳು ಮಾತ್ರ ಬೂಟು ಬಿಚ್ಚದೆ ಒಳಗೆ ಬಂದು, ಕುರ್ಚಿ ಎಲ್ಲಿ ಎಂದು ಕೇಳುತ್ತಿದ್ದವು. ಆದರೂ ಒಳಗಿದ್ದ ಮಾತು ನಿಜ ಎನ್ನಿಸಿತು. ನಿಜ ಎನ್ನಿಸಲು ಕಾರಣ, ಆ ಮಾತಿನಂತೆ ನಡೆಯುವ ಒಬ್ಬರನ್ನು ನಾನು ಇಪ್ಪತ್ತೆರಡು ವರ್ಷಗಳಿಂದ ದಿನಾ ನೋಡುತ್ತಿದ್ದೇನೆ. ಆಕೆ ಆ ಸುತ್ತೋಲೆಯನ್ನು ಓದಿ, "ಇದಕ್ಕೆಲ್ಲ ಒಂದು ವಾರ ಸಾಕಾ?" ಎಂದು ಕೇಳಿದ್ದರು. ಆಗ ಅದು ತಮಾಷೆಯಾಗಿತ್ತು.

ಓದುಗರಿಗಾಗಿ ನಮ್ಮ ವಿಭಾಗವನ್ನು ಸ್ವಲ್ಪ ವಿವರಿಸಬೇಕು. ನೀವೂ ಓದಬಹುದು, ನಾಲ್ಕು ನಿಮಿಷದಲ್ಲಿ ಎಲ್ಲವನ್ನೂ ನೋಡಿರಲಾರಿರಿ. ನೆಲಮಾಳಿಗೆಯ ನಡುವೆ ಒಂದು ಗೋಡೆ. ಗೋಡೆಯ ಈಚೆ ಕೊಳೆ ಬಟ್ಟೆ, ಆಚೆ, ಅಂದರೆ ಒಳಗೆ, ತೊಳೆದ ಬಟ್ಟೆ. ಒಗೆಯುವ ಯಂತ್ರಗಳನ್ನು ಆ ಗೋಡೆಯಲ್ಲೇ ಕೂರಿಸಿದ್ದಾರೆ. ಈಚೆಯ ಬಾಗಿಲಿನಿಂದ ಹಾಕಿದ್ದು ಆಚೆಯ ಬಾಗಿಲಿನಿಂದ ಹೊರಬರುತ್ತದೆ. ಇದಲ್ಲದೆ ಗೋಡೆಯಲ್ಲಿ ಒಂದು ಕಿಟಕಿ ಇದೆ, ಹೊಲಿಗೆಗೆ ಬಂದ ಬಟ್ಟೆಯನ್ನು ಅತ್ತಿತ್ತ ದಾಟಿಸಲು. ನನ್ನ ಕೋಣೆ ಆ ಕಿಟಕಿಯ ಪಕ್ಕದಲ್ಲಿ, ಈಚೆ ಬದಿಗಿದೆ. ವಾರ್ಡುಗಳಿಂದ ಬರುವ ಗಂಟುಗಳಿಗೆ ಬಿಳಿ ಪಟ್ಟಿ, ಆಪರೇಷನ್ ಥಿಯೇಟರಿನಿಂದ ಬರುವ ಗಂಟುಗಳಿಗೆ ಕೆಂಪು ಪಟ್ಟಿ. ಥಿಯೇಟರಿನವರು ಎಷ್ಟೇ ಎಚ್ಚರದಿಂದಿದ್ದರೂ ಅವರ ಬಟ್ಟೆಯೊಳಗೆ ಕತ್ತರಿ, ಚಿಮುಟ, ಬ್ಲೇಡು, ಸೂಜಿ ಸಿಕ್ಕಿಕೊಂಡು ಬರುತ್ತವೆ. ಹದಿನಾಲ್ಕು ವರ್ಷಗಳ ಹಿಂದೆ ಹಾಗೆ ಬಂದ ಬ್ಲೇಡೊಂದು ನಮ್ಮಲ್ಲಿದ್ದ ಒಬ್ಬರ ಎರಡು ಬೆರಳಿನ ನರ ಕತ್ತರಿಸಿತ್ತು.

ಅದರ ಮರುದಿನದಿಂದ ನಮ್ಮಲ್ಲೊಂದು ಪದ್ಧತಿ ಶುರುವಾಯಿತು. ಬೆಳಿಗ್ಗೆ ಎಂಟಕ್ಕೆ ಬರುವ ಕೆಂಪು ಪಟ್ಟಿಯ ಮೊದಲ ಗಂಟನ್ನು ಮೇಲ್ವಿಚಾರಕಿಯೇ ಬಿಚ್ಚಬೇಕು. ಎಲ್ಲಕ್ಕಿಂತ ಕೊಳಕಾದದ್ದು, ಎಲ್ಲಕ್ಕಿಂತ ಅಪಾಯದ್ದು ಅದೇ. ಹಿಂದಿನ ದಿನದ ತುರ್ತು ಆಪರೇಷನ್ನುಗಳದ್ದೆಲ್ಲ ಅದರಲ್ಲಿರುತ್ತದೆ. ಯಾವ ನಿಯಮವೂ ಹಾಗೆ ಹೇಳುವುದಿಲ್ಲ. ಆಕೆಯೇ ಮಾಡಿಕೊಂಡದ್ದು. ಮೊಣಕೈವರೆಗೆ ಕೈಗವಸು ಹಾಕಿಕೊಂಡು, ದೀಪದ ಕೆಳಗಿನ ತಗಡಿನ ಮೇಜಿನ ಮೇಲೆ ಗಂಟಿಟ್ಟು, ಒಂದೊಂದೇ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಕೊಡವುತ್ತಾರೆ. ಕೊಡವುತ್ತ ಕೊಡವುತ್ತ ಎಲ್ಲರನ್ನೂ ವಿಚಾರಿಸಿಕೊಳ್ಳುತ್ತಾರೆ. ಯಾರ ಸೊಂಟ ನೋಯುತ್ತಿದೆ, ಯಾರ ಮಗುವಿಗೆ ಜ್ವರ, ಯಾರು ಇವತ್ತು ಕೂತು ಮಾಡುವ ಕೆಲಸಕ್ಕೆ ಹೋಗಬೇಕು. ಎಂಟೂವರೆಗೆ ಗಂಟು ಮುಗಿಯುವ ಹೊತ್ತಿಗೆ ಆ ದಿನದ ಕೆಲಸ ಹಂಚಿಯಾಗಿರುತ್ತದೆ. ನಿಮ್ಮ ಮೂರನೆಯ ಮಹಡಿಯಲ್ಲಿ ಇದನ್ನು 'ಸಮನ್ವಯ ಸಭೆ' ಎನ್ನುತ್ತಾರೆ, ಅದಕ್ಕೆ ಬಿಸ್ಕತ್ತು ಇರುತ್ತದೆ ಎಂದು ಕೇಳಿದ್ದೇನೆ.

ಆಕೆಯನ್ನು ನಾವು ದೊಡ್ಡಕ್ಕ ಎನ್ನುತ್ತೇವೆ. ವಯಸ್ಸಿನಲ್ಲಿ ನನಗಿಂತ ಮೂರು ವರ್ಷ ಚಿಕ್ಕವರು. ದೇವತೆ ಎಂದು ಹೊಗಳಲು ಈ ಪತ್ರ ಬರೆಯುತ್ತಿಲ್ಲ. ಬಾಯಿ ಜೋರು. ಮುಖ ನೋಡದೆ ಬೈಯುತ್ತಾರೆ. ರಜೆ ಹಾಕು ಎಂದರೆ ಹಾಕುವುದಿಲ್ಲ. ಒಮ್ಮೆ ನಾನು ಆತುರದಲ್ಲಿ ಹೊಲಿದ ಒಂದು ಗೌನನ್ನು ಕಿಟಕಿಯಿಂದ ನನ್ನ ಮುಖದ ಮೇಲೇ ಎಸೆದು, "ಇದನ್ನ ನಿಮ್ಮ ತಾಯಿಗೆ ತೊಡಿಸಿ ವಾರ್ಡಿನಲ್ಲಿ ಮಲಗಿಸ್ತೀರೇನಯ್ಯಾ ಟೈಲರ್ ಸಾಹೇಬ್ರೇ?" ಎಂದಿದ್ದರು. ಬಿಚ್ಚಿ ಮತ್ತೆ ಹೊಲಿದೆ. ಅದೇ ವಾರ ನನ್ನ ಹೊಲಿಗೆ ಯಂತ್ರದ ಪೆಡಲು ಮುರಿದಾಗ, ರಿಪೇರಿಯವನು ಬರುವವರೆಗೆ ಎರಡು ದಿನ ಎದುರು ಕೂತು ಕೈಯಿಂದ ಚಕ್ರ ತಿರುಗಿಸಿದವರೂ ಅವರೇ. ಬೈಗುಳಕ್ಕೆ ಕ್ಷಮೆ ಕೇಳಲಿಲ್ಲ. ಚಕ್ರ ತಿರುಗಿಸಿದ್ದನ್ನು ಯಾರಿಗೂ ಹೇಳಲೂ ಇಲ್ಲ. ಫೋಟೋ ತೆಗೆಸಿಕೊಳ್ಳಬೇಕೆಂದು ಪಾಪ ಅವರಿಗೆ ಹೊಳೆದೇ ಇರಲಿಲ್ಲ.

ಈಗ ನಿಮ್ಮ ಸಪ್ತಾಹಕ್ಕೆ ಬರುತ್ತೇನೆ. ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ ಎಂಟರಿಂದ ಹತ್ತು, ಎಲ್ಲ ಮೇಲ್ವಿಚಾರಕರೂ ಮೇಲಿನ ಸಭಾಂಗಣದಲ್ಲಿ ಉಪನ್ಯಾಸ ಕೇಳಬೇಕು, ಹಾಜರಾತಿ ಕಡ್ಡಾಯ ಎಂದು ಆದೇಶವಾಯಿತು. ಅಂದರೆ ನಾಯಕರು ಸಿಬ್ಬಂದಿಯ ಜೊತೆಗಿರಬೇಕು ಎಂದು ಕಲಿಸಲು ದಿನದ ಅತಿ ಕಷ್ಟದ ಎರಡು ಗಂಟೆ ಅವರನ್ನು ಸಿಬ್ಬಂದಿಯಿಂದ ದೂರ ಕೂರಿಸಿದಿರಿ. ಸೋಮವಾರ ದೊಡ್ಡಕ್ಕ ಕೆಳಗಿಳಿದು ಬಂದಾಗ, ಬಾಯ್ಲರ್ ನೋಡಿಕೊಳ್ಳುವ ಹಿರಿಯರು, ಅವರನ್ನು ನಾವೆಲ್ಲ ಮಾವ ಎನ್ನುತ್ತೇವೆ, ಕುತೂಹಲದಿಂದ ಕೇಳಿದರು.

"ಏನಮ್ಮಾ ಹೇಳಿಕೊಟ್ರು?"

"ನಾಯಕ ಆದವನು ಮೊದಲು ಕೇಳಿಸಿಕೊಳ್ಳಬೇಕಂತೆ ಮಾವ. ಎರಡು ಗಂಟೆ ಅದನ್ನೇ ಹೇಳಿದ್ರು."

"ನೀನೇನಾದ್ರೂ ಕೇಳಿದ್ಯಾ?"

"ಕೈಗವಸಿನ ವಿಷಯ ಕೇಳೋಣ ಅಂತ ಕೈ ಎತ್ತಿದೆ. ಟೈಮ್ ಆಯ್ತು ಅಂದ್ರು."

ಸೋಮವಾರ, ಮಂಗಳವಾರ ಮೊದಲ ಗಂಟನ್ನು ಮಾವನೇ ಬಿಚ್ಚಿದರು. ದೊಡ್ಡಕ್ಕ ಇಲ್ಲದಾಗ ಅದು ಅವರ ಸರದಿ, ಅವರಿಗೆ ಅದನ್ನು ಕಲಿಸಿದ್ದೂ ಆಕೆಯೇ. ಏನೂ ಆಗಲಿಲ್ಲ. ಮಂಗಳವಾರ ಮಧ್ಯಾಹ್ನ ನಿಮ್ಮ ಆಪ್ತ ಸಹಾಯಕರು ನನ್ನ ಕೋಣೆಗೆ ಬಂದರು. ನಮ್ಮಲ್ಲಿ ಇಂಥದೊಂದು ಪದ್ಧತಿ ಇದೆಯೆಂದು ಯಾರೋ ನಿಮ್ಮ ಕಿವಿಗೆ ಹಾಕಿದ್ದರಂತೆ. ಬುಧವಾರ ಬೆಳಿಗ್ಗೆ ಮೊದಲ ಗಂಟನ್ನು ನೀವೇ ಬಿಚ್ಚುವುದೆಂದು ತೀರ್ಮಾನವಾಗಿತ್ತು. ಹೇಳಲೇಬೇಕು, ಕೇಳಿದ ಕ್ಷಣಕ್ಕೆ ನಿಮ್ಮ ಬಗ್ಗೆ ನನಗೆ ಗೌರವ ಹುಟ್ಟಿತು. ಅದು ಬಹಳ ಹೊತ್ತು ಬಾಳಲಿಲ್ಲ.

"ನಿಜವಾದ ಗಂಟು ಬೇಡ ಕಣ್ರೀ," ಎಂದರು ನಿಮ್ಮ ಸಹಾಯಕರು. "ಸಾಹೇಬ್ರಿಗೆ ಇನ್‌ಫೆಕ್ಷನ್ ಗಿನ್‌ಫೆಕ್ಷನ್ ಆದ್ರೆ ಯಾರು ಜವಾಬ್ದಾರಿ? ತೊಳೆದಿರೋ ಹತ್ತು ಶೀಟು ತಗೊಂಡು ಒಂದು ಗಂಟು ಕಟ್ಟಿಡಿ. ಮೇಲೆ ಆ ಕೆಂಪು ಪಟ್ಟಿ ಬಿಗೀರಿ. ಕ್ಯಾಮೆರಾಕ್ಕೆ ಕೆಂಪು ಚೆನ್ನಾಗಿ ಬರುತ್ತೆ."

"ದೊಡ್ಡಕ್ಕನಿಗೆ ಹೇಳಿದೀರಾ?"

"ಅವರಿಗ್ಯಾಕೆ? ನಾಲ್ಕು ನಿಮಿಷದ ಕೆಲಸ." ಸ್ವಲ್ಪ ಯೋಚಿಸಿ, "ಅಲ್ಲಲ್ಲಿ ಒಂಚೂರು ಟೀ ಚೆಲ್ಲಿದ್ರೆ ಹೇಗೆ? ಕಲೆ ಇದ್ದ ಹಾಗೆ ಕಾಣುತ್ತೆ."

"ಚೆಲ್ಲಿ ಸಾರ್. ಆಮೇಲೆ ಒಗೆಯೋದು ಯಾರು?"

ಟೀ ಬೇಡವೆಂದಾಯಿತು. ಆ ಕಾರಣಕ್ಕೇ, ಸೂಚನಾ ಫಲಕದ ಫೋಟೋವನ್ನು ಹತ್ತಿರದಿಂದ ನೋಡಿದವರಿಗೆ ಒಂದು ಸೋಜಿಗ ಕಾಣುತ್ತದೆ. ನೀವು ಮೂಗು ಸಿಂಡರಿಸಿ, ಎರಡು ಬೆರಳಲ್ಲಿ ಎತ್ತಿ ಹಿಡಿದಿರುವ ಕೊಳೆ ಶೀಟಿನ ಮೇಲೆ ಇಸ್ತ್ರಿಯ ಗೆರೆಗಳು ಎದ್ದು ಕಾಣುತ್ತವೆ, ಉದ್ದಕ್ಕೆ ನಾಲ್ಕು, ಅಡ್ಡಕ್ಕೆ ಮೂರು. ಇಸ್ತ್ರಿ ಮಾಡಿದ ಕೊಳೆ ಬಟ್ಟೆ ನಮ್ಮ ಆಸ್ಪತ್ರೆಯ ಹೊರತು ಬೇರೆಲ್ಲೂ ಸಿಗಲಿಕ್ಕಿಲ್ಲ.

ಬುಧವಾರ ಎಂಟಕ್ಕೆ ದೊಡ್ಡಕ್ಕ ಮೇಲೆ ಸಭಾಂಗಣದಲ್ಲಿದ್ದರು. ಹಾಜರಾತಿ ಪುಸ್ತಕದಲ್ಲಿ ಅವರ ಸಹಿ ಇದೆ, ನೋಡಿಕೊಳ್ಳಿ. ಮಾವನನ್ನು ನಿಮ್ಮ ಸಹಾಯಕರು ಚಪ್ಪಾಳೆಯ ಸಾಲಿನಲ್ಲಿ ನಿಲ್ಲಿಸಿದರು. ನಾನು ಕಟ್ಟಿದ ಗಂಟು ತಗಡಿನ ಮೇಜಿನ ಮೇಲೆ ದೀಪದ ಕೆಳಗೆ ಸಿಂಗಾರಗೊಂಡು ಕೂತಿತ್ತು. ಅಷ್ಟರಲ್ಲಿ ಥಿಯೇಟರಿನ ತಳ್ಳುಗಾಡಿ ನಿಜವಾದ ಮೊದಲ ಗಂಟನ್ನು ತಂದಿತು. ಫೋಟೋದಲ್ಲಿ ಗಾಡಿ ಬರಬಾರದೆಂದು ಅದನ್ನು ಹೊರಗೆ ಕಳಿಸಿ, ಗಂಟನ್ನು ಮೇಜಿನ ಕೆಳಗೆ ತಳ್ಳಿದರು. ನೀವು ಬಂದಿರಿ, ಏಪ್ರನ್ ಕಟ್ಟಿಸಿಕೊಂಡಿರಿ, ಗಂಟು ಬಿಚ್ಚಿದಿರಿ, ಶೀಟು ಎತ್ತಿದಿರಿ. ಫೋಟೋದವನು ಇನ್ನೊಂದು ಸಲ ಎಂದ. ನಿಮ್ಮ ಸಹಾಯಕರು ಓಡಿ ಬಂದು ಗಂಟನ್ನು ಮತ್ತೆ ಕಟ್ಟಿದರು, ನೀವು ಮತ್ತೆ ಬಿಚ್ಚಿದಿರಿ. ಮೂರನೆಯ ಸಲಕ್ಕೂ ಕಟ್ಟಿದರು. ಅಷ್ಟರಲ್ಲಿ ನಿಮಗೆ ಫೋನ್ ಬಂತು, ಹೊರಟುಹೋದಿರಿ. ಹೋಗುವ ಮುಂಚೆ ಸಾಲಿನಲ್ಲಿ ನಿಂತವರಿಗೆ, "ನೀವು ದಿನಾ ಹೇಗೆ ಮಾಡ್ತೀರಪ್ಪಾ ಇದನ್ನ!" ಎಂದಿರಿ. ಆ ವಾಕ್ಯವೊಂದೇ ಅಂದು ನೀವು ಆಡಿದ್ದರಲ್ಲಿ ಪ್ರಾಮಾಣಿಕವಾಗಿತ್ತೆಂದು ನನ್ನ ನಂಬಿಕೆ.

ಏಪ್ರನ್ ಬಿಚ್ಚಿಕೊಂಡು ನೀವು ಹೋದ ಮೇಲೆ ಆ ಕೋಣೆಯಲ್ಲಿ ಕೆಂಪು ಪಟ್ಟಿಯ ಎರಡು ಗಂಟುಗಳು ಉಳಿದವು. ಒಂದು ಮೇಜಿನ ಮೇಲೆ, ಒಂದು ಕೆಳಗೆ. ಕಸ ಗುಡಿಸುವವರು ಬಂದು ಮೇಜು ಒರೆಸಲು ಮೇಲಿನದನ್ನೂ ಕೆಳಗಿಳಿಸಿದರು. "ಶೋ ಗಂಟು ತೊಳೆದದ್ದೇ ಅಲ್ವಾ, ವಾಪಸ್ ಒಳಗೆ ಕೊಟ್ಟುಬಿಡಿ," ಎಂದು ನಿಮ್ಮ ಸಹಾಯಕರು ಬಾಗಿಲಿನಿಂದ ಕೂಗಿ ಹೇಳಿ ನಿಮ್ಮ ಹಿಂದೆ ಓಡಿದರು.

ಮೇಲೆ ಉದ್ದಕ್ಕೆ ನಿಮ್ಮನ್ನು ಹಂಗಿಸಿದ್ದೇನೆ. ಇನ್ನು ಮುಂದಿನ ಕೆಲವು ಸಾಲುಗಳಲ್ಲಿ ನಿಮಗೆ ಸ್ವಲ್ಪ ಬಿಡುವು. ಗಂಟನ್ನು ಒಳಗೆ ಕೊಟ್ಟವನು ನಾನು. ಎರಡು ಗಂಟುಗಳಲ್ಲಿ ಒಂದನ್ನು ಎತ್ತಿಕೊಂಡೆ. ಥಿಯೇಟರಿನ ಗಂಟಿನ ಹೊರ ಹೊದಿಕೆ ಸಾಮಾನ್ಯವಾಗಿ ಶುಚಿಯಾಗಿಯೇ ಇರುತ್ತದೆ, ಕೊಳೆಯೆಲ್ಲ ಒಳಗಿರುತ್ತದೆ. ಆದ್ದರಿಂದ ನೋಟದಲ್ಲಿ ವ್ಯತ್ಯಾಸವಿಲ್ಲ. ಆದರೆ ಒದ್ದೆ ಬಟ್ಟೆಯ ಗಂಟು ಭಾರ. ಇಪ್ಪತ್ತೆರಡು ವರ್ಷ ಬಟ್ಟೆ ಹಿಡಿದ ಕೈಗೆ ಅದು ಎತ್ತಿದ ಕೂಡಲೇ ತಿಳಿಯಬೇಕಿತ್ತು. ತಿಳಿಯಲಿಲ್ಲ, ಯಾಕೆಂದರೆ ನಾನು ನಗುತ್ತಿದ್ದೆ. ಮಾವ ನಿಮ್ಮ ಹಾಗೆ ಮೂಗು ಸಿಂಡರಿಸಿ, ತಮ್ಮ ಕರವಸ್ತ್ರವನ್ನು ಎರಡು ಬೆರಳಲ್ಲಿ ಎತ್ತಿ, "ನೀವು ದಿನಾ ಹೇಗೆ ಮಾಡ್ತೀರಪ್ಪಾ!" ಎನ್ನುತ್ತಿದ್ದರು. ನಾನು ನಗುತ್ತಲೇ ಕಿಟಕಿಯಿಂದ ಗಂಟನ್ನು ಆಚೆ ದಾಟಿಸಿ, "ಇದು ತೊಳೆದದ್ದೇ, ಮಡಚಿಬಿಡು ಪುಟ್ಟಿ," ಎಂದೆ.

ಪುಟ್ಟಿ ಎಂದರೆ ಮಡಚುವ ಮೇಜಿನಲ್ಲಿ ಕೆಲಸ ಮಾಡುವಾಕೆ. ಮೂವತ್ತು ದಾಟಿದೆ, ನಾಲ್ಕು ವರ್ಷದ ಮಗಳಿದ್ದಾಳೆ, ಆದರೂ ನಮಗೆಲ್ಲ ಪುಟ್ಟಿ. ಶುಚಿಯ ಬದಿಯವರಿಗೆ ಕೈಗವಸಿಲ್ಲ, 'ಪರಿಶೀಲಿಸಲಾಗುವುದು'. ಅವಳು ನನ್ನ ಮಾತು ನಂಬಿ ಪಟ್ಟಿ ಬಿಚ್ಚಿ, ರೂಢಿಯಂತೆ ಎರಡೂ ಕೈಗಳನ್ನು ಗಂಟಿನ ನಡುವಿಗೆ ಹಾಕಿ ಶೀಟುಗಳನ್ನು ಎಳೆದುಕೊಂಡಳು. ಕಿಟಕಿಯ ಈಚೆಗೆ ನನಗೆ ಕೇಳಿಸಿದ್ದು "ಅಯ್ಯೋ" ಎಂಬ ಸಣ್ಣ ದನಿ, ಕಾಲಿನ ಬೆರಳು ಎಡವಿದಾಗ ಬರುವಂಥದ್ದು. ಅರ್ಧಚಂದ್ರದಂತೆ ಬಾಗಿದ, ಗಾಯ ಹೊಲಿಯುವ ಸೂಜಿ ಅವಳ ಎಡಗೈಯ ಹೆಬ್ಬೆರಳಿನ ಬುಡಕ್ಕೆ ಇಳಿದಿತ್ತು. ಯಾವ ರೋಗಿಯದ್ದು, ಯಾವ ರೋಗದ್ದು ಎಂದು ಇವತ್ತಿಗೂ ತಿಳಿದಿಲ್ಲ. ಆ ಗಂಟಿನಲ್ಲಿ ಐದು ಆಪರೇಷನ್ನುಗಳ ಬಟ್ಟೆ ಇತ್ತು.

ಸುದ್ದಿ ಮುಟ್ಟಿದ ಕೂಡಲೇ ದೊಡ್ಡಕ್ಕ ಸಭಾಂಗಣದಿಂದ ಎದ್ದು ಓಡಿ ಬಂದರು. ಪುಟ್ಟಿ ಬೆರಳನ್ನು ಹಿಂಡಿ ಹಿಂಡಿ ರಕ್ತ ತೆಗೆಯುತ್ತಿದ್ದಳು. "ಹಿಂಡಬೇಡ, ಹಿಂಡಬೇಡ, ನೀರು ಬಿಡು," ಎಂದು ಕೈಯನ್ನು ನಲ್ಲಿಯ ಕೆಳಗೆ ತಾವೇ ಹಿಡಿದರು. ತುರ್ತು ವಿಭಾಗಕ್ಕೆ ಕರೆದುಕೊಂಡು ಹೋದರು, ಸೋಂಕು ತಡೆಯುವ ಮೊದಲ ಮಾತ್ರೆ ನುಂಗಿಸಿದರು, ಅವಳ ಗಂಡನಿಗೆ ತಾವೇ ಫೋನ್ ಮಾಡಿದರು. ಸಂಜೆ ಬಂದು ಘಟನೆಯ ಪುಸ್ತಕ ತೆಗೆದು, 'ಹೊಣೆ: ಮೇಲ್ವಿಚಾರಕಿ' ಎಂದು ಬರೆದು ಸಹಿ ಹಾಕಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

"ದೊಡ್ಡಕ್ಕಾ, ಕೊಟ್ಟಿದ್ದು ನಾನು."

"ಗೊತ್ತು. ಪುಟ್ಟಿ ಹೇಳಿದಳು."

"ಹಾಗಾದ್ರೆ ನನ್ನ ಹೆಸರು ಬರೀರಿ."

"ನಿನ್ನ ಹೆಸರು ಬರೆದ್ರೆ ನಾಳೆಯಿಂದ ನೀನಿರಲ್ಲ. ಹರಿದದ್ದನ್ನೆಲ್ಲ ನಾನು ಹೊಲೀಲಾ? ನನಗೆ ಗುಂಡಿ ಹಚ್ಚೋಕೂ ಬರಲ್ಲ." ಪುಸ್ತಕ ಮುಚ್ಚಿದರು. "ವಿಭಾಗ ನನ್ನದು. ಸುಮ್ನೆ ಹೋಗಿ ಕೆಲಸ ಮಾಡಯ್ಯ."

ನಾನು ಸುಮ್ಮನೆ ಹೋಗಿ ಕೆಲಸ ಮಾಡಿದೆ. ಐದು ವಾರಗಳಿಂದ ಮಾಡುತ್ತಿದ್ದೇನೆ. ಬಹಳ ಅಚ್ಚುಕಟ್ಟಾಗಿ ಮಾಡುತ್ತಿದ್ದೇನೆ.

ಈಗ ನಿಮ್ಮ ನೋಟಿಸನ್ನು ಸ್ವಲ್ಪ ಓದೋಣ. ಒಂದನೆಯ ಆರೋಪ: ಘಟನೆಯ ವೇಳೆ ಮೇಲ್ವಿಚಾರಕಿ ತನ್ನ ಸ್ಥಳದಲ್ಲಿರಲಿಲ್ಲ. ನಿಜ, ಇರಲಿಲ್ಲ. ಸಿಬ್ಬಂದಿಯ ಜೊತೆಗಿರುವುದು ಹೇಗೆ ಎಂದು ನಿಮ್ಮ ಆದೇಶದಂತೆ ಮೇಲೆ ಕೂತು ಕಲಿಯುತ್ತಿದ್ದರು. ಎರಡನೆಯದು: ಪದೇ ಪದೇ ಕೆಳದರ್ಜೆಯ ಕೆಲಸವನ್ನು ತಾನೇ ಮಾಡಿದ್ದರಿಂದ ಸಿಬ್ಬಂದಿ ಪರಾವಲಂಬಿಗಳಾಗಿ, ಎಚ್ಚರಿಕೆ ಕಲಿಯದೆ ಉಳಿದರು. ಇದನ್ನು ಬರೆದವರ ಕೈಗೆ ಮೆಚ್ಚುಗೆ ಸಲ್ಲಬೇಕು. ಹದಿನಾಲ್ಕು ವರ್ಷಗಳಲ್ಲಿ ಆ ತಗಡಿನ ಮೇಜಿನ ಮೇಲೆ ಸಿಕ್ಕ ಬ್ಲೇಡು ಸೂಜಿಗಳನ್ನೆಲ್ಲ ಆಕೆ ಒಂದು ಡಬ್ಬಿಯಲ್ಲಿ ಹಾಕಿ, ಒಂದೊಂದಕ್ಕೂ ದಿನಾಂಕದ ಚೀಟಿಯೊಡನೆ ತಿಂಗಳಿಗೊಮ್ಮೆ ಥಿಯೇಟರಿಗೆ ಮರಳಿಸುತ್ತ ಬಂದಿದ್ದಾರೆ. ಚೀಟಿಗಳ ನಕಲು ನಮ್ಮಲ್ಲಿದೆ, ಆರು ನೂರಕ್ಕೂ ಹೆಚ್ಚು. ಅದರಲ್ಲಿ ಒಂದೇ ಒಂದು ಸೂಜಿಯೂ ಗೋಡೆ ದಾಟಿರಲಿಲ್ಲ. ದಾಟಿದ್ದು ಆಡಳಿತ ನಮ್ಮ ಸೇವೆಗೆ ಇಳಿದ ದಿನ. ನಾವು ಪರಾವಲಂಬಿಗಳಾಗಿದ್ದರೆ ಸೋಮವಾರ, ಮಂಗಳವಾರ ಮಾವ ಆ ಗಂಟನ್ನು ಹೇಗೆ ಬಿಚ್ಚಿದರು? ಕೆಂಪು ಪಟ್ಟಿ ಕಂಡರೆ ಎಚ್ಚರವಾಗಿರಬೇಕು ಎಂಬುದನ್ನು ಆಕೆ ನಮಗೆ ಹದಿನಾಲ್ಕು ವರ್ಷ ಕಲಿಸಿದ್ದರು. ಕೆಂಪು ಪಟ್ಟಿ ಬರೀ ನೋಟಕ್ಕೂ ಇರಬಹುದು ಎಂಬುದನ್ನು ನೀವು ನಾಲ್ಕು ನಿಮಿಷದಲ್ಲಿ ಕಲಿಸಿದಿರಿ. ನಾವು ಎರಡನೆಯ ಪಾಠವನ್ನೇ ಬೇಗ ಕಲಿತೆವು. ಅದರ ನಾಚಿಕೆ ನನ್ನದು.

ಮೂರನೆಯ ಆರೋಪವೇ ಘನತೆಯದ್ದು. ಹುದ್ದೆಯ ಘನತೆ ಎಂದರೆ ಏನೆಂದು ನಿಮ್ಮ ಕಚೇರಿ ತಿಳಿದಿದೆಯೋ ನನಗೆ ಗೊತ್ತಿಲ್ಲ. ಆಕೆಯ ಮಾತನ್ನು ನಾವು ಕೇಳುವುದು ಆಕೆಗೆ ಕುರ್ಚಿ ಇದೆಯೆಂದಲ್ಲ. ಆ ಕುರ್ಚಿಯಲ್ಲಿ ಆಕೆ ಕೂತದ್ದನ್ನು ನಾವು ಕಂಡದ್ದೇ ಕಡಿಮೆ, ಬಸುರಿಯರೋ ಕಾಲು ನೋವಿನವರೋ ಕೂತಿರುತ್ತಾರೆ. ಮೊದಲ ಗಂಟು ಬಿಚ್ಚಿದವರು ಎರಡನೆಯದನ್ನು ಬಿಚ್ಚು ಎಂದಾಗ ಯಾರೂ ಎದುರು ಮಾತಾಡುವುದಿಲ್ಲ. ಇಷ್ಟು ಸರಳ. ನಿಮ್ಮ ಉಪನ್ಯಾಸಕರು ಹನ್ನೆರಡು ಗಂಟೆ ತೆಗೆದುಕೊಂಡದ್ದು ಇದನ್ನು ಹೇಳಲಿಕ್ಕೇ ಆಗಿದ್ದರೆ, ಅವರನ್ನು ಒಂದು ಬೆಳಿಗ್ಗೆ ಕೆಳಗೆ ಕಳಿಸಬಹುದಿತ್ತು. ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು.

ನಿನ್ನೆ ನಿಮ್ಮ ಸಹಾಯಕರು ಮತ್ತೆ ನನ್ನ ಕೋಣೆಗೆ ಬಂದಿದ್ದರು. ಈ ಸಲ ಟೀ ಚೆಲ್ಲುವ ಮಾತಿರಲಿಲ್ಲ, ಟೀ ಕುಡಿಸಿದರು. ಒಂದು ಟೈಪಾದ ಹಾಳೆ ಕೊಟ್ಟರು. 'ಮೇಲ್ವಿಚಾರಕಿಯ ಮೌಖಿಕ ಸೂಚನೆಯ ಮೇರೆಗೆ ನಾನು ಸದರಿ ಗಂಟನ್ನು ಕಟ್ಟಿ, ಆಕೆಯ ಸೂಚನೆಯ ಮೇರೆಗೇ ಒಳಗೆ ಕೊಟ್ಟೆ' ಎಂದು ಅದರಲ್ಲಿತ್ತು. ಅಡಿಯಲ್ಲಿ ನನ್ನ ಹೆಸರು, ಚುಕ್ಕಿಗಳ ಸಾಲು.

"ಅವರು ಹೇಳಲಿಲ್ವಲ್ಲಾ ಸಾರ್. ಹೇಳಿದ್ದು ನೀವು."

"ಅಯ್ಯೋ, ಅವರೇ ಹೊಣೆ ಅಂತ ಪುಸ್ತಕದಲ್ಲಿ ಬರೆದುಕೊಟ್ಟಿದ್ದಾರಲ್ರೀ. ಅದನ್ನೇ ನೀವು ಸ್ವಲ್ಪ ಬಿಡಿಸಿ ಹೇಳಿದ ಹಾಗೆ. ನಿಮಗೂ ತೊಂದರೆ ಇಲ್ಲ, ಸಾಹೇಬ್ರಿಗೂ ಇಲ್ಲ."

"ಅವರಿಗೆ?"

"ಬುಧವಾರ ಸಂಜೆಯೊಳಗೆ ಸಹಿ ಹಾಕಿ ಕಳಿಸಿ," ಎಂದು ಹೇಳಿ, ಲೋಟಗಳನ್ನು ತಾವೇ ಎತ್ತಿಕೊಂಡು ಹೋದರು. ಸಪ್ತಾಹದ ಪರಿಣಾಮ ಇನ್ನೂ ಇಳಿದಿಲ್ಲವೆಂದು ಕಾಣುತ್ತದೆ.

ಮಾನ್ಯರೇ, ನನ್ನ ಅಂಜಿಕೆಯನ್ನು ನೀವು ಸರಿಯಾಗಿಯೇ ಅಳೆದಿದ್ದಿರಿ. ಆ ಹಾಳೆಯನ್ನು ಮನೆಗೆ ಕೊಂಡುಹೋದೆ. ಸಹಿ ಹಾಕುವುದಿಲ್ಲ ಎಂದು ಆಗಿನ್ನೂ ಖಚಿತವಾಗಿರಲಿಲ್ಲ. ಇಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ನನ್ನ ಹೆಂಡತಿ ಅದನ್ನು ಓದಿದಳು. ನಾನು ಇಡೀ ಕಥೆ ಹೇಳಿದೆ, ನಗುತ್ತಿದ್ದುದನ್ನೂ ಹೇಳಿದೆ.

"ಐದು ವಾರದಿಂದ ನನಗೆ ಹೇಳಲಿಲ್ಲ," ಎಂದಳು.

"ಹೇಗೆ ಹೇಳಲಿ?"

"ಈಗ ಹೇಳಿದ ಹಾಗೆ." ಹಾಳೆಯನ್ನು ಮಡಚಿ ಕೈಗೆ ಕೊಟ್ಟಳು. "ನಿಮ್ಮ ಕೆಲಸ ಹೋದರೆ ನಾನು ಎದ್ದು ಕುಣಿಯಲ್ಲ. ಆದರೆ ಇದಕ್ಕೆ ಸಹಿ ಹಾಕಿ ಬಂದು ಈ ಮೇಜಿನ ಮುಂದೆ ಊಟಕ್ಕೆ ಕೂತರೆ, ನಾನು ಏನಂತ ಬಡಿಸಲಿ ಹೇಳಿ."

ಕೆಲಸಕ್ಕೆ ಬರುತ್ತ ಮೆಟ್ಟಿಲಲ್ಲಿ ಪುಟ್ಟಿ ಸಿಕ್ಕಳು. ಮೊದಲ ರಕ್ತಪರೀಕ್ಷೆಯ ಫಲಿತಾಂಶ ಸರಿಯಾಗಿದೆ. ಇನ್ನೆರಡು ಬಾಕಿ, ಕೊನೆಯದು ಆಗಸ್ಟಿನಲ್ಲಿ. ಮಗಳ ತಟ್ಟೆಯಿಂದ ತಿನ್ನುವುದನ್ನು ಬಿಟ್ಟಿದ್ದಾಳಂತೆ. ಹಾಗೆಲ್ಲ ಹರಡುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ, ಆದರೂ ಕೈ ಮುಂದೆ ಹೋಗುವುದಿಲ್ಲವಂತೆ. "ನಿನ್ನ ತಟ್ಟೆ ಬೇರೆ ಯಾಕಮ್ಮಾ ಅಂತ ದಿನಾ ಕೇಳ್ತಾಳಣ್ಣಾ," ಎಂದು ಹೇಳಿ, ನನ್ನ ಮುಖ ನೋಡಿ, ನನಗೇ ಸಮಾಧಾನ ಮಾಡುವಂತೆ, "ನೀವೇನು ಬೇಕೂ ಅಂತ ಮಾಡಿದ್ರಾ," ಎಂದಳು. ದೊಡ್ಡಕ್ಕನ ಬಳಿ ಎಂಟು ವರ್ಷ ಕೆಲಸ ಮಾಡಿದವಳು. ಬೇರೆ ಏನು ಹೇಳಿಯಾಳು?

ಆದ್ದರಿಂದ ನನ್ನ ಬೇಡಿಕೆಗಳು. ಮೇಲ್ವಿಚಾರಕಿಯ ಮೇಲಿನ ನೋಟಿಸನ್ನು ಹಿಂತೆಗೆದುಕೊಳ್ಳಿ. ಅದನ್ನು ಯಾವ ಫಲಕಕ್ಕೆ ಚುಚ್ಚಿದ್ದೀರೋ ಅದೇ ಫಲಕಕ್ಕೆ ಹಿಂತೆಗೆದ ಆದೇಶವನ್ನೂ ಚುಚ್ಚಿ. ಮಡಚುವ ಮೇಜಿನವರಿಗೆ ಈ ವಾರವೇ ಕೈಗವಸು ಕೊಡಿ, ಪರಿಶೀಲಿಸಬೇಡಿ. ಪುಟ್ಟಿಯ ಉಳಿದೆರಡು ಪರೀಕ್ಷೆಗಳ ದಿನ ಅವಳಿಗೆ ಸಂಬಳದ ರಜೆ ಕೊಡಿ. ಮೊದಲನೆಯದಕ್ಕೆ ಅವಳ ಅರ್ಧ ದಿನದ ಸಂಬಳ ಕಡಿದಿದ್ದೀರಿ, ಗೊತ್ತೇ? ನಿಮ್ಮ ಫೋಟೋವನ್ನು ತೆಗೆಯಿರಿ ಎಂದು ನಾನು ಕೇಳುವುದಿಲ್ಲ. ಇರಲಿ. ಹೊಸದಾಗಿ ಸೇರುವವರಿಗೆ, ಇಸ್ತ್ರಿಯ ಗೆರೆಯನ್ನು ದೂರದಿಂದ ಗುರುತಿಸುವುದು ಹೇಗೆಂದು ಕಲಿಸಲು ಬೇಕಾಗುತ್ತದೆ. ಮುಂದಿನ ವರ್ಷವೂ ಸಪ್ತಾಹ ನಡೆಸುವ ಮನಸ್ಸಿದ್ದರೆ ಒಂದು ಸಣ್ಣ ಸಲಹೆ: ಕ್ಯಾಮೆರಾ ಇಲ್ಲದೆ, ಸಹಾಯಕರಿಲ್ಲದೆ, ಎಂಟಕ್ಕೆ ಸರಿಯಾಗಿ ಬನ್ನಿ. ದೊಡ್ಡಕ್ಕ ನಿಮಗೂ ಕಲಿಸುತ್ತಾರೆ. ಬೈಯುತ್ತಾರೆ, ಆದರೆ ಕಲಿಸುತ್ತಾರೆ.

ಇನ್ನು ನನ್ನ ವಿಷಯ. ವಿಚಾರಣೆಗೆ ನನ್ನನ್ನು ಕರೆದಿಲ್ಲ, ನನ್ನ ಹಾಳೆಯನ್ನು ಮಾತ್ರ ಕರೆದಿದ್ದೀರಿ. ಹಾಳೆ ಬರುವುದಿಲ್ಲ, ನಾನು ಬರುತ್ತೇನೆ. ಗುರುವಾರ ಹನ್ನೊಂದಕ್ಕೆ ಮೂರನೆಯ ಮಹಡಿಯ ಆ ಕೋಣೆಯ ಬಾಗಿಲು ತಟ್ಟಿ, ಗಂಟು ಕಟ್ಟಲು ಹೇಳಿದವರು ಯಾರು, ಕಟ್ಟಿದವನು ಯಾರು, ನಗುತ್ತ ಒಳಗೆ ಕೊಟ್ಟವನು ಯಾರು ಎಂಬುದನ್ನು ಇದೇ ಕ್ರಮದಲ್ಲಿ ಹೇಳಿ, ಬರೆದುಕೊಳ್ಳಿ ಎಂದು ಕೇಳುವುದಾಗಿ ನಿರ್ಧರಿಸಿದ್ದೇನೆ. ಮಾವನೂ ಬರುತ್ತೇನೆ ಎಂದಿದ್ದಾರೆ. ಅವರ ಮಂಡಿಗೆ ಮೂರು ಮಹಡಿ ಕಷ್ಟ, ನೋಡಬೇಕು. ದೊಡ್ಡಕ್ಕನಿಗೆ ಇನ್ನೂ ಹೇಳಿಲ್ಲ. ಈ ಪತ್ರ ಅಚ್ಚಾದಾಗ ಓದಿಯೇ ತಿಳಿದುಕೊಳ್ಳುತ್ತಾರೆ, ಮತ್ತೆ ಏನಾದರೂ ನನ್ನ ಮುಖದ ಮೇಲೆ ಎಸೆಯುತ್ತಾರೆ. ಈಗ ಒಂದೂಮುಕ್ಕಾಲು ಆಯಿತು. ಗುರುವಾರಕ್ಕೆ ಇನ್ನೂ ಎರಡು ದಿನವಿದೆ.

ಇಂತಿ, ತಪ್ಪು ಮಾಡಿ ಐದು ವಾರವಾದರೂ ಒಂದು ನೋಟಿಸನ್ನೂ ಪಡೆಯಲಾಗದ,

ನಿಮ್ಮ ಆಸ್ಪತ್ರೆಯ ಹೊಲಿಗೆಯವ